ಹಿಂದಿನ ಗೇರ್‌ಗೆ ಎಷ್ಟು ದುಡ್ಡು, ಎಷ್ಟು ತಾಪತ್ರಯ: ಸಣ್ಣ ರೇಸ್ ಕಾರು ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಇಂಜಿನ್ ಕಿರುಚುತ್ತಿತ್ತು, ಕಾರು ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ ಅಭ್ಯಾಸದ ದಿನ ಅದು. ನಮ್ಮದು ಕೆಟಿಎಂ 390 ಇಂಜಿನ್ ಕೂರಿಸಿ, ನಾಲ್ಕು ಜನ ಗೆಳೆಯರು ಹೊಸೂರಿನ ಒಂದು ಶೆಡ್ಡಿನಲ್ಲಿ ಕಟ್ಟಿದ ಸಿಂಗಲ್ ಸೀಟರ್. ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೆ ಹೊಂದಿಸಿದ್ದ ಹಿಂದಿನ ಗೇರ್, ಅಂದರೆ ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಕೊನೆಯ ಹಲ್ಲಿನ ಜೋಡಿ, ಅದರಲ್ಲಿ ಹಾಗೇ ಉಳಿದಿತ್ತು. ಕರಿ ಟ್ರ್ಯಾಕ್ 2.1 ಕಿ.ಮೀ. ಇರುಂಗಾಟ್ಟುಕೋಟ್ಟೈ 3.7 ಕಿ.ಮೀ. ನೇರ ದಾರಿ ಅರ್ಧ ಮುಗಿಯುವಷ್ಟರಲ್ಲಿ ಆರನೇ ಗೇರ್ ಮುಗಿದಿತ್ತು.

ಬ್ಯಾಗಿನಲ್ಲಿ ಬೇರೆ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಇತ್ತು, ಚಿಂತೆ ಇಲ್ಲ ಅಂದುಕೊಂಡೆವು. ತೆಗೆದು ಹಿಡಿದರೆ ಬೋಲ್ಟ್ ತೂತು ಒಂದೂ ಕೂರಲಿಲ್ಲ. ಹಲ್ಲು ಕಡೆದುಕೊಟ್ಟ ವರ್ಕ್‌ಶಾಪಿನವರು ತೂತಿನ ವೃತ್ತವನ್ನು 2 ಮಿ.ಮೀ. ತಪ್ಪಾಗಿ ಹಾಕಿದ್ದರು. ಅರ ಹಿಡಿದು ತೂತು ದೊಡ್ಡದು ಮಾಡೋಣ ಎಂದ ಒಬ್ಬ. ನಾನು ಬೇಡ ಎಂದೆ. ಸಡಿಲ ತೂತಿನ ಸ್ಪ್ರಾಕೆಟ್ ಓಡಿಸುವುದಕ್ಕಿಂತ ಮನೆಗೆ ಹೋಗುವುದು ಮೇಲು. ಇನ್ನೂರೈವತ್ತು ಕಿ.ಮೀ.ಗಿಂತ ಜಾಸ್ತಿ ದಾರಿ, ಟ್ರೇಲರ್ ಎಳೆದುಕೊಂಡು ಸುಮ್ನೆ ವಾಪಸ್ ಬಂದೆವು.

ಆ ದಾರಿಯಲ್ಲಿ ವಾಣಿಯಂಬಾಡಿ ದಾಟುವಷ್ಟರಲ್ಲಿ ಒಂದು ವಾದ ಶುರುವಾಯಿತು. ಮುಚ್ಚಳ ತೆಗೆದು ನಿಮಿಷಗಳಲ್ಲಿ ಗೇರ್ ಬದಲಿಸುವ ಅಮೆರಿಕದ ಕ್ವಿಕ್ ಚೇಂಜ್ ತರಿಸೋಣ ಎಂದ ಒಬ್ಬ. ಮಾರುತಿ ಓಮ್ನಿ ವ್ಯಾನಿನ ಹಿಂದಿನ ಆಕ್ಸಲ್ ಹಾಕೋಣ ಎಂದ ಇನ್ನೊಬ್ಬ. ಯಾರೂ ಕೇಳದ ಪ್ರಶ್ನೆ ಒಂದಿತ್ತು: ವರ್ಷಕ್ಕೆ ಎಷ್ಟು ಸಲ ಈ ಗೇರ್ ಬಿಚ್ಚುತ್ತೇವೆ? ಹಿಂದಿನ ಗೇರ್‌ನ ಬೆಲೆ, ಅನುಕೂಲ ಎರಡೂ ಆ ಒಂದು ಉತ್ತರದ ಮೇಲೆ ನಿಂತಿವೆ. ಆಮೇಲೆ ನಾವು ಲೆಕ್ಕ ಹಾಕಿದ ಕ್ರಮದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಸ್ಪ್ಯಾನರ್‌ಗೆ ಮೊದಲು ರೂಲ್ ಬುಕ್

ಎಲ್ಲ ಕಾರುಗಳೂ ಒಂದೇ ಥರ ಇರಬೇಕಾದ ವರ್ಗದಲ್ಲಿ ಓಡುತ್ತೀರಾದರೆ ಗೇರ್ ಮುಟ್ಟಲು ಬಿಡದೇ ಇರಬಹುದು. ಆ ವರ್ಷದ ನಿಯಮ ಓದಿ. ಸಂದೇಹ ಇದ್ದರೆ ಬರಹದಲ್ಲಿ ಕೇಳಿ, ಪಿಟ್‌ನಲ್ಲಿ ಯಾರೋ ಹೇಳಿದ್ದು ಲೆಕ್ಕಕ್ಕಿಲ್ಲ. ಕಾಲೇಜು ತಂಡಗಳಿಗೆ ಕಥೆ ಬೇರೆ. ಕರಿ ಟ್ರ್ಯಾಕ್‌ನಲ್ಲಿ ನಡೆಯುವ ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಯಲ್ಲಿ ಗೇರ್ ಆಯ್ಕೆ ನಿಮ್ಮದೇ. ಆದರೆ ಚೈನ್ ಹಾಕಿದರೆ ಅದರ ಮೂರು ಪಟ್ಟು ಅಗಲದ ಗಟ್ಟಿ ರಕ್ಷಾ ಪಟ್ಟಿ ಇರಲೇಬೇಕು. ಅದರ ತೂಕವನ್ನೂ ಜಾಗವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಅಲ್ಲಿ 75 ಮೀಟರ್ ಓಟ, ಎಂಟರ ಆಕಾರದ ಸುತ್ತು, ಸುಮಾರು 22 ಕಿ.ಮೀ.ಯ ಎಂಡ್ಯೂರೆನ್ಸ್ ಇವೆ. ಟಾಪ್ ಸ್ಪೀಡ್ ಯಾರಿಗೂ ಬೇಕಿಲ್ಲ.

ಹಂತ 2: ಯಾವ ಅನುಪಾತ ಬೇಕು, ಲೆಕ್ಕ ಹಾಕಿ

ಚಕ್ರ ಒಂದು ಸುತ್ತು ತಿರುಗಲು ಇಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬುದೇ ಒಟ್ಟು ಅನುಪಾತ. ಮೊದಲು ಟೈರಿನ ನಿಜವಾದ ಸುತ್ತಳತೆ ಬೇಕು. ಟೈರಿನ ಮೇಲೆ ಬರೆದ ಸೈಜಿನಿಂದ ಲೆಕ್ಕ ಹಾಕಬೇಡಿ. ಡ್ರೈವರ್‌ನನ್ನು ಕೂರಿಸಿ, ಓಡಿಸುವ ಗಾಳಿಯನ್ನೇ ಹಾಕಿ, ಟೈರಿಗೂ ನೆಲಕ್ಕೂ ಸುಣ್ಣದ ಗೆರೆ ಎಳೆಯಿರಿ. ಕಾರನ್ನು ಐದು ಸುತ್ತು ತಳ್ಳಿ. ಟೇಪಿನಲ್ಲಿ ಅಳೆದು ಐದರಿಂದ ಭಾಗಿಸಿ. ನಮ್ಮದು 1.60 ಮೀಟರ್ ಬಂತು.

ಇನ್ನು ಲೆಕ್ಕ. ಆರ್‌ಪಿಎಂ ಅನ್ನು ಒಟ್ಟು ಅನುಪಾತದಿಂದ ಭಾಗಿಸಿ, ಸುತ್ತಳತೆಯಿಂದ ಗುಣಿಸಿ, ಮತ್ತೆ 0.06ರಿಂದ ಗುಣಿಸಿದರೆ ಗಂಟೆಗೆ ಕಿ.ಮೀ. ಸಿಗುತ್ತದೆ. 373 ಸಿಸಿಯ ಹಳೆಯ 390 ಇಂಜಿನ್‌ನಲ್ಲಿ ಪ್ರೈಮರಿ (ಇಂಜಿನ್‌ನಿಂದ ಗೇರ್‌ಬಾಕ್ಸ್‌ಗೆ ಹೋಗುವ ಗೇರ್ ಜೋಡಿ) 30 ಹಲ್ಲಿಗೆ 80, ಅಂದರೆ 2.667. ಆರನೇ ಗೇರ್ 25ಕ್ಕೆ 21, ಅಂದರೆ 0.84. ಎರಡನ್ನೂ ಗುಣಿಸಿದರೆ 2.24. ಬೈಕ್ ಕಂಪನಿಯಿಂದ ಬರುವಾಗ ಮುಂದೆ 15 ಹಲ್ಲು, ಹಿಂದೆ 45. ಅದು 3. ಒಟ್ಟು 6.72. ಇಂಜಿನ್ 9,500ರಲ್ಲಿ ತಿರುಗಿದರೆ ಸುಮಾರು 136 ಕಿ.ಮೀ. ವೇಗ.

ನಾವು ಅವತ್ತು ಹಾಕಿಕೊಂಡು ಹೋಗಿದ್ದು 14ಕ್ಕೆ 48. ಅದೇ 9,500ರಲ್ಲಿ 119 ಕಿ.ಮೀ. ಮಾತ್ರ. 17 ಕಿ.ಮೀ. ಮನೆಯಲ್ಲೇ ಬಿಟ್ಟು ಹೋಗಿದ್ದೆವು ಅಂತಾಯಿತು!

ಇಲ್ಲಿ ನೆನಪಿಡಬೇಕಾದ ವಿಷಯ ಒಂದಿದೆ. ಹಿಂದೆ ಒಂದು ಹಲ್ಲು ಬದಲಾದರೆ ಸುಮಾರು 3 ಕಿ.ಮೀ. ವ್ಯತ್ಯಾಸ. ಮುಂದೆ ಒಂದು ಹಲ್ಲು ಬದಲಾದರೆ 9 ಕಿ.ಮೀ. 14ಕ್ಕೆ 45 ಹಾಕಿದರೂ 15ಕ್ಕೆ 48 ಹಾಕಿದರೂ ಹೆಚ್ಚು ಕಮ್ಮಿ ಒಂದೇ. ದೊಡ್ಡ ಬದಲಾವಣೆಗೆ ಮುಂದಿನದು, ಸಣ್ಣದಕ್ಕೆ ಹಿಂದಿನದು.

ಗುರಿ ಏನಿರಬೇಕು? ಅತಿ ಉದ್ದದ ನೇರ ದಾರಿಯ ಕೊನೆಯಲ್ಲಿ, ಬ್ರೇಕ್ ಒತ್ತುವ ಕ್ಷಣಕ್ಕೆ, ಇಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವ ಆರ್‌ಪಿಎಂ ಸ್ವಲ್ಪ ದಾಟಿರಬೇಕು. ಈ ಇಂಜಿನ್‌ಗೆ ಅದು 9,000. ಅದರ ಮೇಲೆ ಮುನ್ನೂರು ಆರ್‌ಪಿಎಂ ಆದರೂ ಕೈಯಲ್ಲಿರಲಿ. ಇನ್ನೊಂದು ಕಾರಿನ ಬೆನ್ನಿಗೆ ಬಿದ್ದು ಹೋಗುವಾಗ ಗಾಳಿ ತಡೆ ಕಮ್ಮಿಯಾಗಿ ವೇಗ ಏರುತ್ತದೆ, ಆಗ ಬೇಕಾಗುತ್ತದೆ.

ತಿರುವಿನ ನಡುವೆ ಗೇರ್ ಬದಲಿಸಬೇಕಾಗಿ ಬಂದರೆ ಒಂದು ಹಲ್ಲು ಆಚೀಚೆ ಮಾಡಿ ನೋಡಿ. ಟಾಪ್ ಸ್ಪೀಡ್‌ಗಿಂತ ಇದರಲ್ಲೇ ಲ್ಯಾಪ್ ಸಮಯ ಜಾಸ್ತಿ ಸಿಗುವುದುಂಟು.

ಈಗ ನೀವು ಓಡಿಸುವ ಟ್ರ್ಯಾಕ್‌ಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಹೀಗೆ ಲೆಕ್ಕ ಹಾಕಿ. ಹೊಸೂರಿನಲ್ಲಿ ಕೂತ ನಮಗೆ ಕೊಯಮತ್ತೂರು ಒಂದು, ಚೆನ್ನೈ ಒಂದು. ಅಲ್ಲಿಗೆ ಪಟ್ಟಿ ಮುಗಿಯಿತು. ಎರಡು ಅನುಪಾತ, ಮಳೆಗೋ ಎದುರು ಗಾಳಿಗೋ ನಡುವೆ ಇನ್ನೊಂದು. ಮೂರಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ಲೆಕ್ಕವನ್ನು ಮತ್ತೆ ನೋಡಿ.

ಹಂತ 3: ಚೈನ್ ಮತ್ತು ಸ್ಪ್ರಾಕೆಟ್

ಬೈಕ್ ಇಂಜಿನ್ ಇದ್ದರೆ ಬೇರೆ ಯೋಚನೆ ಬೇಡ ಎಂಬುದು ನನ್ನ ಅಭಿಪ್ರಾಯ. ಅಗ್ಗ, ಹಗುರ, ಊರಲ್ಲೇ ಸಿಗುತ್ತದೆ. ಮುಂದಿನ ಸ್ಪ್ರಾಕೆಟ್ ಬೈಕ್ ಅಂಗಡಿಯಲ್ಲಿ ರೆಡಿ ಇರುತ್ತದೆ. ಹಿಂದಿನದನ್ನು ನಿಮ್ಮ ಡಿಫರೆನ್ಷಿಯಲ್‌ಗೆ (ತಿರುವಿನಲ್ಲಿ ಎರಡು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಹೊಂದುವಂತೆ ಕಡೆಸಬೇಕು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತ ಅದಕ್ಕೆ ಬೇಕಾದಷ್ಟು ಜನ ಇದ್ದಾರೆ. ನಮ್ಮ ಲೇತ್ ಅಣ್ಣ ಸ್ಪ್ರಾಕೆಟ್‌ನ ಹಲ್ಲಿಗೆ ತಮಿಳಿನಲ್ಲಿ 'ಪಲ್' ಅನ್ನುತ್ತಾರೆ, ನಾವು 'ಹಲ್ಲು' ಅನ್ನುತ್ತೇವೆ. ಪಕಾರ ಹಕಾರವಾದ ವ್ಯಾಕರಣ ಪಾಠ ಶಾಲೆಯಲ್ಲಿ ತಲೆಗೆ ಹೋಗಿರಲಿಲ್ಲ, ಲೇತ್ ಮುಂದೆ ಹೋಯಿತು.

ಅನುಕೂಲ ಸಿಗುವುದು ಕಾರು ಕಟ್ಟುವಾಗ. ಆಮೇಲೆ ಅಲ್ಲ. ಬೈಕಿನಲ್ಲಿ ಚಕ್ರ ತೆಗೆದರೆ ಸ್ಪ್ರಾಕೆಟ್ ಕೈಗೆ ಬರುತ್ತದೆ. ಕಾರಿನಲ್ಲಿ ಅದು ಎರಡು ಡ್ರೈವ್ ಶಾಫ್ಟ್‌ಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಒಂದು ಕಡೆಯ ಶಾಫ್ಟ್ ಎಳೆದು, ಗ್ರೀಸ್ ಎಲ್ಲ ಕೈಗೆ ಮೆತ್ತಿಕೊಂಡು, ಬೇರಿಂಗ್ ಹೌಸಿಂಗ್ ಬಿಚ್ಚಿ ತೆಗೆಯಬೇಕು. ಮೊದಲ ವರ್ಷ ನಮಗೆ ಇದಕ್ಕೆ ಎರಡೂವರೆ ಗಂಟೆ ಹಿಡಿಯುತ್ತಿತ್ತು. ಗೋ-ಕಾರ್ಟ್‌ಗಳಲ್ಲಿ ಎರಡು ಹೋಳಿನ ಸ್ಪ್ರಾಕೆಟ್ ಇರುತ್ತದೆ, ನೋಡಿದ್ದೀರಲ್ವಾ? ಅದನ್ನೇ ನಮ್ಮ 520 ಸೈಜಿನ ಬೈಕ್ ಚೈನ್‌ಗೆ ಮಾಡಿಸಿದೆವು. ಈಗ ನಲವತ್ತು ನಿಮಿಷ. ಒಂದೇ ಷರತ್ತು: ಎರಡೂ ಹೋಳನ್ನು ಒಟ್ಟಿಗೆ ಬೋಲ್ಟ್ ಮಾಡಿ ಇಟ್ಟೇ ಹಲ್ಲು ಕಡೆಯಬೇಕು. ಜೋಡಿಗೆ ಗುರುತು ಹೊಡೆಯಬೇಕು. ಬೇರೆ ಬೇರೆ ಕಡೆದು ಸೇರಿಸಿದರೆ ಸೇರುವ ಜಾಗದಲ್ಲಿ ಚೈನ್ ಎಗರುತ್ತದೆ.

ಚೈನ್ ಉದ್ದದ ಲೆಕ್ಕವನ್ನು ತುಂಬ ಜನ ಮರೆಯುತ್ತಾರೆ. 520 ಚೈನಿನ ಒಂದು ಕೊಂಡಿಯ ಉದ್ದ 15.875 ಮಿ.ಮೀ. ಹಿಂದೆ ಒಂದು ಹಲ್ಲು ಹೆಚ್ಚಿದರೆ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಸುಮಾರು 4 ಮಿ.ಮೀ. ಕಮ್ಮಿಯಾಗಬೇಕು. ಅಂದರೆ 45ರಿಂದ 48ಕ್ಕೆ ಹೋದರೆ 12 ಮಿ.ಮೀ. ಡಿಫರೆನ್ಷಿಯಲ್ ಅನ್ನು ಮುಂದೆ ಹಿಂದೆ ಸರಿಸುವ ಅಡ್ಜಸ್ಟರ್‌ಗೆ 15 ಮಿ.ಮೀ. ಜಾಗ ಕೊಟ್ಟರೆ ಮೂರು ಹಲ್ಲಿನವರೆಗೆ ಅದೇ ಚೈನ್ ಸಾಕು. ನಾಲ್ಕು ಹಲ್ಲು ಬದಲಾದರೆ ಎರಡು ಕೊಂಡಿ ಸೇರಿಸಿ ಅಥವಾ ತೆಗೆದು ಮತ್ತೆ ಮೊದಲಿನ ಜಾಗಕ್ಕೇ ಬರಬಹುದು. ನಾವು ಎರಡು ಉದ್ದದ ಎರಡು ಚೈನ್ ಇಟ್ಟಿದ್ದೇವೆ. ಪಿಟ್‌ನಲ್ಲಿ ಚೈನ್ ಕತ್ತರಿಸುತ್ತಾ ಕೂರುವ ಕೆಲಸ ಇಲ್ಲ.

ಬಿಗಿಯ ವಿಷಯ. ಕಾರಿನಲ್ಲಿ ಇಂಜಿನ್, ಡಿಫರೆನ್ಷಿಯಲ್ ಎರಡೂ ಚಾಸಿಸ್‌ಗೇ ಕೂತಿರುವುದರಿಂದ ಬೈಕಿನ ಹಾಗೆ ಸಸ್ಪೆನ್ಷನ್ ಜೊತೆ ಚೈನ್ ಎಳೆದಾಡುವುದಿಲ್ಲ. ಬೈಕಿನಷ್ಟು ಸಡಿಲ ಬೇಡ. ಆದರೆ ತಂತಿಯ ಹಾಗೆ ಬಿಗಿದರೆ ಗೇರ್‌ಬಾಕ್ಸ್ ಬೇರಿಂಗ್ ಹೋಗುತ್ತದೆ. ಚಕ್ರವನ್ನು ಪೂರ್ತಿ ತಿರುಗಿಸಿ, ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ನಿಲ್ಲಿಸಿ ಹೊಂದಿಸಿ. ಕ್ಲಿಪ್ ಇರುವ ಕೊಂಡಿ ಹಾಕಿದರೆ ಕ್ಲಿಪ್‌ನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗೆ ಇರಲಿ. ರೇಸ್‌ಗೆ ರಿವೆಟ್ ಕೊಂಡಿಯೇ ವಾಸಿ.

ಯಾವ ಲೋಹ? 7075 ಅಲ್ಯೂಮಿನಿಯಂ ಹಗುರ, ಬೇಗ ಸವೆಯುತ್ತದೆ. ಇಎನ್8 ಸ್ಟೀಲ್‌ನಲ್ಲಿ ಹಲ್ಲಿಗೆ ಮಾತ್ರ ಇಂಡಕ್ಷನ್ ಹಾರ್ಡನಿಂಗ್ ಮಾಡಿಸಿದರೆ ಭಾರ, ಆದರೆ ಬಾಳಿಕೆ. ಮೊದಲ ವರ್ಷ ಸ್ಟೀಲ್ ಹಾಕಿ. ಯಾವ ಹಲ್ಲು ನಿಮ್ಮದು ಎಂದು ಗೊತ್ತಾದ ಮೇಲೆ ಅಲ್ಯೂಮಿನಿಯಂ ನೋಡಿಕೊಳ್ಳಿ. ಮುಂದೆ 13ಕ್ಕಿಂತ ಕಮ್ಮಿ ಹಲ್ಲು ಹಾಕಬೇಡಿ, ಚೈನ್ ಜಾಸ್ತಿ ಮಡಚಿಕೊಂಡು ಬೇಗ ಸಾಯುತ್ತದೆ.

ಹಂತ 4: ಓಮ್ನಿ ಆಕ್ಸಲ್, ಅಂದರೆ ಕ್ರೌನ್ ಪಿನಿಯನ್

ಇಂಜಿನ್ ಮುಂದೆ ಇದ್ದು, ಶಾಫ್ಟ್ ಹಿಂದಿನ ಆಕ್ಸಲ್‌ಗೆ ಹೋಗುವ ಕಾರು ಕಟ್ಟುವವರಿಗೆ ಇದು. ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಬ್ರೇಕ್ ಸಮೇತ ಬರುತ್ತದೆ, ಗಟ್ಟಿ. ನಮ್ಮ ಗೆಳೆಯ ಹೇಳಿದ್ದು ಪೂರ್ತಿ ತಪ್ಪೇನಲ್ಲ. ತೊಂದರೆ ಇರುವುದು ಅನುಪಾತ ಬದಲಿಸುವಾಗ.

ಶಾಫ್ಟ್ ತುದಿಯ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್. ಇವೆರಡೂ ಗಂಡ ಹೆಂಡತಿ ಇದ್ದ ಹಾಗೆ. ಫ್ಯಾಕ್ಟರಿಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ, ಒಂದೇ ನಂಬರ್ ಹೊಡೆದು ಕಳಿಸುತ್ತಾರೆ. ಒಂದನ್ನು ಮಾತ್ರ ಬದಲಿಸುವ ಹಾಗಿಲ್ಲ. ಜೋಡಿ ಬದಲಿಸಿದಾಗ ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂದು ಶಿಮ್ (ತೆಳು ಬಿಲ್ಲೆ) ಹಾಕಿ ನೋಡಬೇಕು. ಬೇರಿಂಗ್‌ಗೆ ಬಿಗಿ ಕೊಡಬೇಕು. ಕುಸಿಯುವ ಸ್ಪೇಸರ್ ಇದ್ದರೆ ಪ್ರತಿ ಸಲ ಹೊಸದು ಬೇಕು. ಹಲ್ಲುಗಳ ನಡುವಿನ ಆಟವನ್ನು ಡಯಲ್ ಗೇಜ್‌ನಲ್ಲಿ ನೋಡಬೇಕು. ಸಣ್ಣ ಆಕ್ಸಲ್‌ಗೆ 0.10ರಿಂದ 0.15 ಮಿ.ಮೀ. ಸಾಮಾನ್ಯ, ನಿಮ್ಮ ಆಕ್ಸಲ್‌ನ ಮ್ಯಾನ್ಯುಯಲ್ ಹೇಳುವುದೇ ಕೊನೆಯ ಮಾತು. ಆಮೇಲೆ ಮಾರ್ಕಿಂಗ್ ಬ್ಲೂ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುತ್ತಿದೆಯೇ ನೋಡಬೇಕು. ಬೀಳದಿದ್ದರೆ ಮೊದಲಿನಿಂದ ಶುರು. ಅನುಭವ ಇದ್ದವರಿಗೂ ಒಂದು ದಿನ ಬೇಕು. ಇದನ್ನು ಪಿಟ್‌ನಲ್ಲಿ, ಟಾರ್ಪಾಲಿನ್ ಕೆಳಗೆ ಮಾಡುತ್ತೇನೆ ಎನ್ನುವವರ ಧೈರ್ಯಕ್ಕೆ ನಮಸ್ಕಾರ.

ದಾರಿ ಒಂದಿದೆ. ನಡುವಿನ ಗುಂಡು ಭಾಗ ಮುಂದಿನಿಂದ ಪೂರ್ತಿ ಬಿಚ್ಚಿ ಬರುವ ಆಕ್ಸಲ್ ಆರಿಸಿ. ಮಾರುತಿ ಜಿಪ್ಸಿಯದು ಹಾಗೆ ಬರುತ್ತದೆ. ಎರಡು ಅನುಪಾತದ ಎರಡು ಗುಂಡನ್ನು ಮನೆಯಲ್ಲೇ ಹೊಂದಿಸಿ ಇಟ್ಟುಕೊಳ್ಳಿ. ಟ್ರ್ಯಾಕ್‌ನಲ್ಲಿ ಅರೆ ಶಾಫ್ಟ್ ಎಳೆದು, ಒಂದನ್ನು ತೆಗೆದು ಇನ್ನೊಂದು ಕೂರಿಸಿದರೆ ಆಯಿತು. ಎರಡು ಗಂಟೆಯ ಕೆಲಸ. ಎರಡನೇ ಗುಂಡಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಹೊಸ ಜೋಡಿಯನ್ನು ಮೊದಲ ದಿನವೇ ಪೂರ್ತಿ ಒತ್ತಬೇಡಿ. ನಿಧಾನಕ್ಕೆ ಬಿಸಿ ಮಾಡಿ, ತಣಿಯಲು ಬಿಡಿ, ಎರಡು ಮೂರು ಸಲ. ಗೇರ್ ಎಣ್ಣೆ ಜಿಎಲ್-5 ದರ್ಜೆಯದು.

ಹಂತ 5: ಮುಂದಿನ ಚಕ್ರ ಎಳೆಯುವ ಕಾರಿನ ಗೇರ್‌ಬಾಕ್ಸ್ ಹಿಂದೆ ಕೂರಿಸಿದರೆ

ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಇಂಜಿನ್ ಹಾಕಿ ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದರು. ಕರಿ ಟ್ರ್ಯಾಕ್‌ನ ಹೆಸರೂ ಅವರದ್ದೇ. ನಮ್ಮ ಕಡೆ ರಸ್ತೆ ಕಾರಿನ ಬಿಡಿಭಾಗದಲ್ಲೇ ರೇಸ್ ಕಾರು ಮಾಡಬಹುದು ಎಂಬ ಧೈರ್ಯ ಬಂದದ್ದೇ ಅಂಥ ಕೆಲಸದಿಂದ. ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಒಂದೇ ಗಂಟಿನಲ್ಲಿ ಬರುತ್ತದೆ. ಕೊಳ್ಳುವಾಗ ಇದರಷ್ಟು ಸುಲಭದ್ದು ಬೇರೆ ಇಲ್ಲ.

ಬದಲಿಸುವಾಗ ಇದರಷ್ಟು ಕಷ್ಟದ್ದೂ ಇಲ್ಲ. ಫೈನಲ್ ಡ್ರೈವ್, ಅಂದರೆ ನಾವು ಬದಲಿಸಬೇಕಾದ ಕೊನೆಯ ಜೋಡಿ, ಗೇರ್‌ಬಾಕ್ಸ್ ಒಳಗಿರುತ್ತದೆ. ಇಳಿಸಬೇಕು, ಕೇಸ್ ಸೀಳಬೇಕು. ಹಾಗಾಗಿ ಜನ ಟೈರಿನಲ್ಲಿ ಆಟ ಆಡುತ್ತಾರೆ. 13 ಇಂಚಿನ ರಿಮ್‌ಗೆ 175/60 ಟೈರಿನ ಎತ್ತರ 540 ಮಿ.ಮೀ., 175/70ರದ್ದು 575. ಆರೂವರೆ ಶೇಕಡಾ ವ್ಯತ್ಯಾಸ. ನಮ್ಮ ಚೈನ್ ಕಾರಿನಲ್ಲಿ ಮೂರು ಹಲ್ಲಿಗೆ ಸಮ. ಟೈರ್ ಹೇಗೂ ಕೊಳ್ಳಲೇಬೇಕಲ್ಲ, ಬಿಟ್ಟಿ ಗೇರ್ ಸಿಕ್ಕ ಹಾಗೆ. ಕಾರಿನ ಹಿಂಭಾಗ 17 ಮಿ.ಮೀ. ಏರುತ್ತದೆ, ಸಸ್ಪೆನ್ಷನ್ ಮತ್ತೆ ಇಳಿಸಿಕೊಳ್ಳಿ. ಈ ಗೇರ್‌ಬಾಕ್ಸ್‌ಗೆ ಜಿಎಲ್-5 ಎಣ್ಣೆ ಸುರಿಯಬೇಡಿ. ಕಂಪನಿ ಜಿಎಲ್-4 ಹೇಳಿದ್ದರೆ ಅದೇ ಹಾಕಿ, ಇಲ್ಲದಿದ್ದರೆ ಹಿತ್ತಾಳೆಯ ಸಿಂಕ್ರೊ ರಿಂಗ್ ಕೆಡಬಹುದು.

ಇದೇ ಜಾತಿಯ ಶ್ರೀಮಂತ ಅಣ್ಣ ಹ್ಯೂಲ್ಯಾಂಡ್ ಕಂಪನಿಯ ರೇಸ್ ಗೇರ್‌ಬಾಕ್ಸ್. ಫಾರ್ಮುಲಾ ಫೋರ್ಡ್‌ನಂಥ ಕಾರುಗಳಲ್ಲಿ ಇರುತ್ತದೆ. ಅಲ್ಲಿ ಕ್ರೌನ್ ಪಿನಿಯನ್ ಮುಟ್ಟುವುದೇ ಇಲ್ಲ. ಹಿಂದಿನ ಮುಚ್ಚಳ ತೆಗೆದು ಒಂದೊಂದೇ ಗೇರ್ ಜೋಡಿ ಬದಲಿಸುತ್ತಾರೆ, ಗೇರ್‌ಬಾಕ್ಸ್ ಕಾರಿನಲ್ಲೇ ಇರುತ್ತದೆ. ಸೊಗಸಾದ ಕೆಲಸ. ಹಳೆಯದು ಕೈಗೆ ಬಂದರೆ ಬಿಡಬೇಡಿ. ಹೊಸದನ್ನು ತರಿಸಿ, ಗೇರ್ ಜೋಡಿಗಳನ್ನು ರಾಶಿ ಹಾಕಿಕೊಳ್ಳಲು ಹೊರಟರೆ ಕಾರಿನ ಬಜೆಟ್ ಅಲ್ಲೇ ಮುಗಿಯುತ್ತದೆ.

ಹಂತ 6: ಕ್ವಿಕ್ ಚೇಂಜ್ ಬೇಕಾ?

ಅಮೆರಿಕದ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಓಡುವ ಮಿಡ್ಜೆಟ್, ಸ್ಪ್ರಿಂಟ್ ಕಾರುಗಳಲ್ಲಿ ಇದು ಮಾಮೂಲು. ಹ್ಯಾಲಿಬ್ರ್ಯಾಂಡ್ ಹಳೆಯ ಹೆಸರು, ಈಗ ವಿಂಟರ್ಸ್ ಮುಂತಾದವರು ಮಾಡುತ್ತಾರೆ. ಇಂಜಿನ್‌ನಿಂದ ಬಂದ ಶಾಫ್ಟ್ ಆಕ್ಸಲ್ ಕೆಳಗೆ ಹಾದು ಹಿಂದಕ್ಕೆ ಬರುತ್ತದೆ. ಅಲ್ಲಿ ಮುಚ್ಚಳದೊಳಗೆ ಎರಡು ನೇರ ಹಲ್ಲಿನ ಗೇರ್. ಅವುಗಳಿಂದ ಮತ್ತೆ ಮುಂದಕ್ಕೆ ಪಿನಿಯನ್‌ಗೆ. ಮುಚ್ಚಳ ತೆಗೆದು ಆ ಎರಡು ಗೇರ್ ಬದಲಿಸಿದರೆ ಅನುಪಾತ ಬದಲು. ಹದಿನೈದು ನಿಮಿಷ ಸಾಕು. ಒಂದೇ ಜೋಡಿಯನ್ನು ಅದಲು ಬದಲು ಮಾಡಿದರೂ ಇನ್ನೊಂದು ಅನುಪಾತ ಸಿಗುತ್ತದೆ. ಕ್ರೌನ್ ಪಿನಿಯನ್ 4.11 ಇದ್ದು, 20 ಮತ್ತು 25 ಹಲ್ಲಿನ ಜೋಡಿ ಹಾಕಿದರೆ ಒಂದು ರೀತಿಯಲ್ಲಿ 5.14, ತಿರುವಿ ಹಾಕಿದರೆ 3.29.

ನೋಡಿದರೆ ಆಸೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಈಗ ಲೆಕ್ಕ ಹಾಕೋಣ. ನಾವು ವರ್ಷಕ್ಕೆ ಆರು ಸಲ ಗೇರ್ ಬದಲಿಸುತ್ತೇವೆ. ಚೈನ್‌ನಲ್ಲಿ ಸಲಕ್ಕೆ ನಲವತ್ತು ನಿಮಿಷ, ಒಟ್ಟು ನಾಲ್ಕು ಗಂಟೆ. ಕ್ವಿಕ್ ಚೇಂಜ್‌ನಲ್ಲಿ ಒಂದೂವರೆ ಗಂಟೆ. ಉಳಿದದ್ದು ವರ್ಷಕ್ಕೆ ಎರಡೂವರೆ ಗಂಟೆ. ಅದಕ್ಕೆ ವಿದೇಶದಿಂದ ತರಿಸುವ ಖರ್ಚು, ಸುಂಕ, ಹಡಗಿನ ಕಾಯುವಿಕೆ. ಒಂದು ಗೇರ್ ಮುರಿದರೆ ಮತ್ತೆ ಅದೇ ಕಾಯುವಿಕೆ. ಜೊತೆಗೆ ತೂಕ ಜಾಸ್ತಿ. ಇನ್ನೊಂದು ಜೋಡಿ ಹಲ್ಲು ಸುಮ್ನೆ ತಿರುಗುವುದಿಲ್ಲ, ಸ್ವಲ್ಪ ಶಕ್ತಿ ತಿನ್ನುತ್ತದೆ. 43 ಕುದುರೆ ಇರುವ ನಮ್ಮಂಥವರಿಗೆ ಅದೂ ಲೆಕ್ಕವೇ. ಒಂದೇ ದಿನದಲ್ಲಿ ಟ್ರ್ಯಾಕ್‌ನ ಹಿಡಿತ ಬದಲಾಗಿ, ಹೀಟ್ ಹೀಟ್‌ಗೂ ಗೇರ್ ಬದಲಿಸಬೇಕಾದ ಮಣ್ಣಿನ ಓಟಗಳಿಗೆ ಅದು ಹುಟ್ಟಿದ್ದು. ಅಲ್ಲಿ ಅದರ ಬೆಲೆ ಹುಟ್ಟುತ್ತದೆ, ಇಲ್ಲಿ ಹುಟ್ಟುವುದಿಲ್ಲ.

ಕ್ವಿಕ್ ಚೇಂಜ್ ಕೇಳಿದ್ದ ಗೆಳೆಯ ಇನ್ನೂ ಒಪ್ಪಿಲ್ಲ.

ಹಂತ 7: ಡಿಫರೆನ್ಷಿಯಲ್ ಮಾತು ಕೊನೆಗೆ

ಅನುಪಾತ ಸರಿಯಾಗುವ ಮೊದಲೇ ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ನೆ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಕೊಳ್ಳಬೇಡಿ. ಅತಿ ಅಗ್ಗದ್ದು ಡಿಫರೆನ್ಷಿಯಲ್ ಇಲ್ಲದೆಯೇ ಎರಡೂ ಚಕ್ರವನ್ನು ಒಂದೇ ಶಾಫ್ಟ್‌ಗೆ ಕಟ್ಟುವುದು. ಹಗುರ, ಕೆಡುವುದೇ ಇಲ್ಲ. ಕಾರ್ಟ್‌ನಲ್ಲಿ ಸ್ಟಿಯರಿಂಗ್ ತಿರುಗಿಸಿದಾಗ ಒಳಗಿನ ಹಿಂದಿನ ಚಕ್ರ ಏಳುವುದರಿಂದ ಅದು ನಡೆಯುತ್ತದೆ. ಕಾರಿನಲ್ಲಿ ಬಿಗಿ ತಿರುವಿಗೆ ಮೂಗು ಒಳಗೆ ಬರುವುದಿಲ್ಲ, ನೇರ ಹೋಗುತ್ತದೆ. ಇದ್ದ ಡಿಫರೆನ್ಷಿಯಲ್ ಒಳಗೆ ವೆಲ್ಡ್ ಹೊಡೆಯುವವರೂ ಇದ್ದಾರೆ. ವೆಲ್ಡ್ ಬಿಟ್ಟರೆ ಚೂರು ಕ್ರೌನ್ ಹಲ್ಲಿಗೆ ಸಿಕ್ಕಿ ಎಲ್ಲ ಪುಡಿ, ನಾನು ಹೇಳುವುದಿಲ್ಲ.

ಮಾಮೂಲು ಓಪನ್ ಡಿಫರೆನ್ಷಿಯಲ್‌ನಲ್ಲಿ ಹಗುರಾದ ಒಳ ಚಕ್ರ ಸುಮ್ನೆ ಸುತ್ತುತ್ತದೆ. ಗೇರ್‌ಗಳಿಂದಲೇ ನಡೆಯುವ ಟಾರ್ಸನ್ ಥರದ ಎಲ್‌ಎಸ್‌ಡಿ ಮೃದುವಾಗಿ ಕೆಲಸ ಮಾಡುತ್ತದೆ, ನೋಡಿಕೊಳ್ಳುವ ಗೋಜಿಲ್ಲ. ಆದರೆ ಒಂದು ಚಕ್ರ ನೆಲ ಬಿಟ್ಟರೆ ಅದೂ ಕೈ ಬಿಡುತ್ತದೆ. ಕ್ಲಚ್ ಪ್ಲೇಟ್‌ನ ಎಲ್‌ಎಸ್‌ಡಿ, ಡ್ರೆಕ್ಸ್ಲರ್‌ನಂಥದ್ದು, ಎಷ್ಟು ಹಿಡಿಯಬೇಕು ಎಂದು ಹೊಂದಿಸಿಕೊಳ್ಳಬಹುದು. ದುಡ್ಡು ಜಾಸ್ತಿ, ಪ್ಲೇಟ್ ಸವೆಯುತ್ತದೆ. ನಮ್ಮ ಕಾರಿನ ಒಳ ಚಕ್ರ ಏಳುವುದಿಲ್ಲ, ಹಾಗಾಗಿ ಟಾರ್ಸನ್ ಸಾಕಾಯಿತು.

ಹಂತ 8: ಒಂದು ಹಾಳೆಯಲ್ಲಿ ಬರೆಯಿರಿ

ಪ್ರತಿ ಆಯ್ಕೆಗೂ ಐದು ಸಾಲು. ಕೊಳ್ಳುವ ಬೆಲೆ. ಬೇಕಾದ ಎಲ್ಲ ಅನುಪಾತಗಳ ಬೆಲೆ. ಒಂದು ಸಲ ಬದಲಿಸುವ ಸಮಯ. ವರ್ಷಕ್ಕೆ ಎಷ್ಟು ಸಲ. ಶನಿವಾರ ಮುರಿದರೆ ಭಾನುವಾರದೊಳಗೆ ಸಿಗುತ್ತದಾ? ಕೊನೆಯ ಸಾಲಿಗೆ 'ಇಲ್ಲ' ಎಂದಿದ್ದರೆ ಬೆಲೆಯನ್ನು ದುಪ್ಪಟ್ಟು ಮಾಡಿ, ಯಾಕೆಂದರೆ ಸ್ಪೇರ್ ಒಂದನ್ನು ಕೊಂಡು ಇಟ್ಟುಕೊಳ್ಳಲೇಬೇಕು. ಒಂದು ಸ್ಪ್ರಾಕೆಟ್‌ಗೆ 2,500 ರೂಪಾಯಿ ಅಂದುಕೊಂಡರೆ ಮೂರಕ್ಕೆ 7,500. ಎರಡು ಚೈನ್ ಸೇರಿಸಿ. ಅದರ ಪಕ್ಕದಲ್ಲಿ ಉಳಿದವುಗಳ ನಿಮ್ಮ ಊರಿನ ಬೆಲೆ ಬರೆದು ನೋಡಿ.

ಹಂತ 9: ಊರಿಂದ ಹೊರಡುವ ಮೊದಲು

ಎಲ್ಲ ಸ್ಪ್ರಾಕೆಟ್‌ಗಳನ್ನೂ ಒಂದೊಂದಾಗಿ ಕಾರಿಗೆ ಹಾಕಿ, ಚೈನ್ ಕೂರಿಸಿ, ಚಕ್ರ ತಿರುಗಿಸಿ, ಬಿಚ್ಚಿ. ಸುಮ್ನೆ ಮೇಲೆ ಹಿಡಿದು ನೋಡುವುದಲ್ಲ. ಬೋಲ್ಟ್‌ಗಳಿಗೆ ಟಾರ್ಕ್ ರೆಂಚ್ ಹಾಕಿ, ಬಣ್ಣದ ಗೆರೆ ಎಳೆಯಿರಿ. ಮೊದಲ ಓಟ ಮುಗಿದ ಕೂಡಲೇ ಆ ಗೆರೆ ಸರಿದಿದೆಯಾ ನೋಡಿ.

ನಾವು ಈಗ 6 ಮಿ.ಮೀ. ದಪ್ಪದ ಒಂದು ಅಲ್ಯೂಮಿನಿಯಂ ತಟ್ಟೆ ಮಾಡಿಸಿದ್ದೇವೆ. ಹಲ್ಲಿಲ್ಲ, ನಡುವಿನ ತೂತು ಮತ್ತು ಬೋಲ್ಟ್ ತೂತು ಮಾತ್ರ. ಸ್ಪ್ರಾಕೆಟ್ ಕಡೆಸಲು ಹೋಗುವಾಗ ಡ್ರಾಯಿಂಗ್ ಜೊತೆಗೆ ಅದನ್ನೂ ಕೊಡುತ್ತೇವೆ. ಕೆಲಸ ಮುಗಿದ ಮೇಲೆ ಅಲ್ಲೇ, ದುಡ್ಡು ಕೊಡುವ ಮೊದಲು, ಅದರ ಮೇಲಿಟ್ಟು ಎಲ್ಲ ಬೋಲ್ಟ್ ತೂರಿಸುತ್ತೇವೆ. ಲೇತ್ ಅಣ್ಣನಿಗೆ ಮೊದಲು ಸ್ವಲ್ಪ ಬೇಸರವಾಗಿತ್ತು. ಈಗ ತಟ್ಟೆ ಮರೆತು ಹೋದರೆ ಅವರೇ ಕೇಳುತ್ತಾರೆ.